ಮಕ್ಕಳು ಯಾವ ವಿದ್ಯೆಯನ್ನು ಕಲಿಯಬೇಕು?

ಯಾವ ವಿದ್ಯೆಯನ್ನು ಕಲಿಯಬೇಕು, ಯಾವುದನ್ನು ಬಿಡಬಹುದು ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಛಾಂದೋಗ್ಯೋಪನಿಷತ್ತಿನ ಏಳನೆಯ ಅಧ್ಯಾಯದಲ್ಲಿ ನಾರದರು ಸನತ್ಕುಮಾರರ ಬಳಿಗೆ ಬಂದು ತಾವು ಕಲಿತುದನ್ನೆಲ್ಲ ಎಣಿಸಿ ಹೇಳುವ ಪ್ರಸಂಗವು ವಾಚಕರಿಗೆ ಪರಿಚಿತವೇ ಆಗಿದೆ. ನಾಲ್ಕು ವೇದಗಳು, ಐದನೆಯದೆನಿಸಿದ ಇತಿಹಾಸ ಪುರಾಣಗಳು, ವ್ಯಾಕರಣ, ಗಣಿತ, ತರ್ಕ, ನಕ್ಷತ್ರವಿದ್ಯೆ, ಸರ್ಪವಿದ್ಯೆ ಎಂದು ಆ ಪಟ್ಟಿ ಬೆಳೆಯುತ್ತದೆ. ಇಷ್ಟನ್ನು ಬಲ್ಲ ತಮಗೆ ಶೋಕವು ಮಾತ್ರ ತೀರಲಿಲ್ಲವೆಂದು ಅವರು ಅರಿಕೆ ಮಾಡಿಕೊಳ್ಳುತ್ತಾರೆ. ಇಲ್ಲಿ ಒಂದು ಅಂಶ ಗಮನಾರ್ಹ. ಕಲಿತದ್ದೆಲ್ಲ ವ್ಯರ್ಥ, ಮರೆತುಬಿಡಿ ಎಂದು ಸನತ್ಕುಮಾರರು ಹೇಳಲಿಲ್ಲ. ಅದೆಲ್ಲ ನಾಮವೆಂದು ತಿಳಿಸಿ, ಆ ನಾಮವನ್ನೇ ಮೊದಲ ಮೆಟ್ಟಿಲಾಗಿ ಮಾಡಿ, ವಾಕ್ಕು, ಮನಸ್ಸು ಎಂದು ಒಂದೊಂದಾಗಿ ಏರಿಸುತ್ತ ಭೂಮದವರೆಗೆ ಕರೆದೊಯ್ದರು. ಮೊದಲ ಮೆಟ್ಟಿಲನ್ನು ಕಿತ್ತೆಸೆದವನು ಹತ್ತನೆಯದನ್ನು ಏರಲಾರನಷ್ಟೆ.

ಈ ಪ್ರಶ್ನೆಯನ್ನು ತುರ್ಭೆ, ವಾಶಿ, ಕಲ್ಯಾಣ, ಡೊಂಬಿವಲಿಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳ ಸಂದರ್ಭದಲ್ಲಿಟ್ಟು ವಿಚಾರ ಮಾಡುವುದು ಉಚಿತವೆಂದು ನಮಗೆ ತೋರುತ್ತದೆ. ತುರ್ಭೆಯು ದುಡಿಮೆಯ ಊರು. ಮುಂಬಯಿಯ ಸಗಟು ಮಾರುಕಟ್ಟೆಗಳು 1980 ಮತ್ತು 1990ರ ದಶಕಗಳಲ್ಲಿ ಖಾರಿಯನ್ನು ದಾಟಿ ಇತ್ತ ಬಂದವು. ಈರುಳ್ಳಿ, ಧಾನ್ಯ, ಮಸಾಲೆ, ಹಣ್ಣು, ತರಕಾರಿ ಎಲ್ಲವೂ ಇಲ್ಲಿಂದಲೇ ಮಹಾನಗರಕ್ಕೆ ಹೋಗುತ್ತವೆ. ಇನ್ನೊಂದು ಮಗ್ಗುಲಲ್ಲಿ ಎಂ.ಐ.ಡಿ.ಸಿ.ಯ ಕಾರ್ಖಾನೆಗಳು, ಅದರ ಮುಂದೆ ಮಹಾಪೆ, ಐರೋಲಿಗಳ ಸಾಫ್ಟ್‌ವೇರ್ ಕಚೇರಿಗಳು. ಇಂತಹ ಊರಿನಲ್ಲಿ ವಿದ್ಯೆಯನ್ನು ತಕ್ಕಡಿಯಲ್ಲಿ ತೂಗಿ ನೋಡುವ ಮನಸ್ಸು ಸಹಜವಾಗಿಯೇ ಹುಟ್ಟುತ್ತದೆ.

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಮನೆಮನೆಯಲ್ಲಿ ಈ ತೂಕ ಆರಂಭವಾಗುತ್ತದೆ. ಅಲ್ಲಿಯವರೆಗೆ ಮಗುವು ಮೂರು ಭಾಷೆ, ಗಣಿತ, ವಿಜ್ಞಾನ, ಇತಿಹಾಸ, ಭೂಗೋಳಗಳನ್ನು ಒಟ್ಟಾಗಿ ಓದಿರುತ್ತದೆ. ಮುಂದೆ ಆಯ್ಕೆ. ಮಹಾರಾಷ್ಟ್ರ ರಾಜ್ಯ ಮಂಡಳಿಯ ಹನ್ನೊಂದು ಹನ್ನೆರಡನೆಯ ತರಗತಿಗಳಲ್ಲಿ, ಇಂಗ್ಲಿಷಿನ ಜೊತೆಗೆ ಓದಬೇಕಾದ ಎರಡನೆಯ ಭಾಷೆಯ ಬದಲಿಗೆ ಮಾಹಿತಿ ತಂತ್ರಜ್ಞಾನವೆಂಬ ವಿಷಯವನ್ನು ತೆಗೆದುಕೊಳ್ಳುವ ರೂಢಿ ಅನೇಕ ಕಾಲೇಜುಗಳಲ್ಲಿ ಬೆಳೆದು ಬಂದಿದೆ. ಬಾಲಭಾರತಿಯು 2019 ಮತ್ತು 2020ರಲ್ಲಿ ಹೊರತಂದ ಆ ವಿಷಯದ ಪಠ್ಯಪುಸ್ತಕಗಳಲ್ಲಿ ಎಚ್.ಟಿ.ಎಂ.ಎಲ್., ಜಾವಾಸ್ಕ್ರಿಪ್ಟ್, ಪಿ.ಎಚ್.ಪಿ. ಮೊದಲಾದ ವೆಬ್ ಪ್ರೋಗ್ರಾಮಿಂಗಿನ ಪಾಠಗಳಿವೆ. ಅಂದರೆ ಒಂದು ಕಡೆ ಸಂಸ್ಕೃತ, ಮರಾಠಿ ಅಥವಾ ಕನ್ನಡ ಸಾಹಿತ್ಯ. ಇನ್ನೊಂದು ಕಡೆ ಜಾಲತಾಣವನ್ನು ರಚಿಸುವ ವಿದ್ಯೆ. ಹದಿನಾರು ವರ್ಷದ ಮಗುವು ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕಾಗುತ್ತದೆ.

ಈ ವಿಷಯದಲ್ಲಿ ನಮ್ಮವರಲ್ಲಿ ಎರಡು ಪಕ್ಷಗಳುಂಟು. ಹೊಟ್ಟೆಗೆ ಅನ್ನ ಕೊಡದ ವಿದ್ಯೆ ಏತಕ್ಕೆ, ಇತಿಹಾಸ ಓದಿ ಮನೆಯ ಸಾಲದ ಕಂತನ್ನು ಕಟ್ಟಲಾದೀತೆ ಎಂಬುದು ಮೊದಲನೆಯ ಪಕ್ಷ. ಇದನ್ನು ಹಗುರವಾಗಿ ತಳ್ಳಿಹಾಕಲು ನಾವು ಸಿದ್ಧರಿಲ್ಲ. ನಮ್ಮ ಹಿರಿಯರು ಊರು ಬಿಟ್ಟು ಬಂದದ್ದೇ ಜೀವನೋಪಾಯಕ್ಕಾಗಿ. ಹಗಲು ಹೋಟೆಲುಗಳಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕುಳಿತು ಓದಿದವರ ಪರಿಶ್ರಮದ ಮೇಲೆಯೇ ಇಂದಿನ ತಲೆಮಾರು ನಿಂತಿದೆ. ಆದರೆ ಆ ರಾತ್ರಿ ಶಾಲೆಗಳನ್ನೇ ಕೊಂಚ ನೋಡೋಣ. ದಣಿದು ಬಂದ ಹುಡುಗನಿಗೆ ಅಲ್ಲಿ ಲೆಕ್ಕದ ಜೊತೆಗೆ ಕನ್ನಡ ಪದ್ಯ, ಚರಿತ್ರೆಗಳನ್ನೂ ಕಲಿಸುತ್ತಿದ್ದರು. ಅವನ ಕೈಗೆ ಮಾತ್ರವಲ್ಲದೆ ಮನಸ್ಸಿಗೂ ಏನಾದರೂ ಬೇಕೆಂಬ ವಿವೇಕವು ಆ ಬಡತನದಲ್ಲಿಯೂ ಇತ್ತು. ಅನುಕೂಲ ಹೆಚ್ಚಿದ ಮೇಲೆ ಆ ವಿವೇಕ ಕಡಿಮೆಯಾಗುವುದು ಯುಕ್ತವೇ?

ಇವೆಲ್ಲ ಲೌಕಿಕ ವಿದ್ಯೆಗಳು, ಪರಲೋಕಕ್ಕೆ ನಿಷ್ಪ್ರಯೋಜಕ, ಮಕ್ಕಳಿಗೆ ನಾಲ್ಕು ಸ್ತೋತ್ರ ಬಂದರೆ ಸಾಕು ಎಂಬುದು ಎರಡನೆಯ ಪಕ್ಷ. ಇದು ಭಕ್ತಿಯ ಮಾತಿನಂತೆ ಕೇಳಿಸಿದರೂ ನಮ್ಮ ಸಿದ್ಧಾಂತಕ್ಕೆ ಒಪ್ಪುವುದಿಲ್ಲ. ಜಗತ್ತು ಸತ್ಯ, ವಸ್ತುವಸ್ತುವಿಗೂ ಇರುವ ಭೇದ ಸತ್ಯ ಎಂದು ಸಾರಿದವರು ಶ್ರೀಮದಾಚಾರ್ಯರು. ಜಗತ್ತೇ ಸತ್ಯವಾದ ಮೇಲೆ ಅದನ್ನು ತಿಳಿಯುವ ವಿದ್ಯೆ ಹೇಗೆ ಹುಸಿಯಾದೀತು? ಆಚಾರ್ಯರ ಗ್ರಂಥರಾಶಿಯೇ ಇದಕ್ಕೆ ಸಾಕ್ಷಿ. ಮಹಾಭಾರತದ ತಾತ್ಪರ್ಯವನ್ನು ನಿರ್ಣಯಿಸಿದವರೇ ಪ್ರಮಾಣಗಳ ಲಕ್ಷಣವನ್ನು ಬರೆದರು. ತಂತ್ರಸಾರಸಂಗ್ರಹದಲ್ಲಿ ಪ್ರತಿಮೆ, ದೇವಾಲಯಗಳ ರಚನೆಯ ವಿಚಾರವನ್ನೂ ಹೇಳಿದರು. ಶ್ರೀ ವಾದಿರಾಜರು ವಾದಗ್ರಂಥಗಳ ಜೊತೆಗೆ ಕಾವ್ಯವನ್ನು ರಚಿಸಿದರು, ತೀರ್ಥಪ್ರಬಂಧದಲ್ಲಿ ದೇಶಸಂಚಾರವನ್ನು ವರ್ಣಿಸಿದರು, ಕನ್ನಡದಲ್ಲಿಯೂ ಹಾಡಿದರು. ಒಂದೇ ವಿದ್ಯೆ ಸಾಕೆಂದು ಇವರಾರೂ ತಿಳಿದಿರಲಿಲ್ಲ.

ಹಾಗಾದರೆ ಎಲ್ಲ ವಿದ್ಯೆಗಳೂ ಸಮಾನವೇ? ಅಲ್ಲ. ಮುಂಡಕೋಪನಿಷತ್ತು ಪರಾ, ಅಪರಾ ಎಂದು ಎರಡು ವಿದ್ಯೆಗಳನ್ನು ಹೇಳಿ, ಎರಡನ್ನೂ ತಿಳಿಯತಕ್ಕವು ಎನ್ನುತ್ತದೆ. ಅಪರವಿದ್ಯೆಯ ಪಟ್ಟಿಯಲ್ಲಿ ವೇದಗಳೇ ಇರುವುದು ಅನೇಕರಿಗೆ ಆಶ್ಚರ್ಯ. ವಿಷ್ಣುಪರವಾದ ಅರ್ಥವನ್ನು ತಿಳಿಯದೆ ಓದಿದಾಗ ಅದೇ ವೇದವು ಅಪರ, ತಿಳಿದು ಓದಿದಾಗ ಪರ ಎಂಬುದು ನಮ್ಮ ಸಂಪ್ರದಾಯದ ನಿರ್ಣಯ. ಈ ನಿರ್ಣಯದಿಂದ ಶಾಲೆಯ ವಿಷಯಗಳಿಗೂ ಒಂದು ಬೆಳಕು ದೊರೆಯುತ್ತದೆ. ಗ್ರಂಥ ಒಂದೇ ಆದರೂ ಓದುವವನ ಲಕ್ಷ್ಯದಿಂದ ಅದರ ಸ್ಥಾನ ಬದಲಾಗುತ್ತದೆ. ಭಾಷೆಯನ್ನು ಬಿಟ್ಟು ಮಾಹಿತಿ ತಂತ್ರಜ್ಞಾನವನ್ನು ತೆಗೆದುಕೊಂಡ ವಿದ್ಯಾರ್ಥಿಗಳಲ್ಲಿ ಕಾರಣವನ್ನು ವಿಚಾರಿಸಿದರೆ, ಅಂಕ ಹೆಚ್ಚು ಬರುತ್ತದೆ ಎಂಬ ಉತ್ತರವೇ ಸಾಮಾನ್ಯವಾಗಿ ಕೇಳಿಬರುತ್ತದೆ. ಅವರು ಆರಿಸಿಕೊಂಡದ್ದು ಅಂಕವನ್ನು. ಪರೀಕ್ಷೆ ಮುಗಿದ ಮರುದಿನ ಭಾಷೆಯೂ ಇಲ್ಲ, ತಂತ್ರವೂ ಇಲ್ಲ. ಎರಡು ವಿದ್ಯೆಗಳಿಗೂ ಒಟ್ಟಿಗೆ ಅಪಚಾರ ಮಾಡುವ ಈ ಮಾರ್ಗವೇ ನಿಜವಾಗಿ ಆಕ್ಷೇಪಾರ್ಹ.

ಪ್ರತಿಯೊಂದು ವಿಷಯವೂ ಮಗುವಿಗೆ ಏನನ್ನು ಕೊಡುತ್ತದೆ ಎಂಬುದನ್ನು ಈಗ ನೋಡೋಣ. ನಮ್ಮಲ್ಲಿ ಪ್ರತ್ಯಕ್ಷ, ಅನುಮಾನ, ಆಗಮ ಎಂದು ಮೂರು ಪ್ರಮಾಣಗಳು. ಶಾಸ್ತ್ರಾರ್ಥವನ್ನು ಹಿಗ್ಗಿಸದೆ, ಕೇವಲ ಹೋಲಿಕೆಯಾಗಿ ಹೇಳುವುದಾದರೆ, ಪ್ರಯೋಗಶಾಲೆಯು ಕಣ್ಣಾರೆ ಕಂಡು ತಿಳಿಯುವುದನ್ನು ಕಲಿಸುತ್ತದೆ. ಗಣಿತ, ಪ್ರೋಗ್ರಾಮಿಂಗ್‌ಗಳು ಒಂದರಿಂದ ಇನ್ನೊಂದನ್ನು ಊಹಿಸುವುದನ್ನು ಕಲಿಸುತ್ತವೆ. ಯಾರ ಮಾತನ್ನು ನಂಬಬೇಕು, ಯಾವ ಮಾತು ಆಪ್ತವಾಕ್ಯವಲ್ಲ ಎಂಬ ವಿವೇಕವನ್ನು ಇತಿಹಾಸ ಕಲಿಸುತ್ತದೆ. ಮೂರರಲ್ಲಿ ಒಂದನ್ನು ಮಾತ್ರ ಬಲ್ಲವನು ಉಳಿದೆರಡು ಕಡೆ ಮೋಸಹೋಗುತ್ತಾನೆ.

ಒಂದು ಉದಾಹರಣೆ. ಗಣಕಯಂತ್ರಕ್ಕೆ ಸಂಸ್ಕೃತವೇ ಸರ್ವಶ್ರೇಷ್ಠ ಭಾಷೆಯೆಂದು ಅಮೆರಿಕದ ನಾಸಾ ಸಂಸ್ಥೆ ಘೋಷಿಸಿದೆ ಎಂಬ ಮಾತು ನಮ್ಮ ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಮೂಲವನ್ನು ಶೋಧಿಸಿದರೆ ದೊರೆಯುವುದು ರಿಕ್ ಬ್ರಿಗ್ಸ್ ಎಂಬ ಸಂಶೋಧಕರು 1985ರಲ್ಲಿ ಒಂದು ವಿದ್ವತ್ಪತ್ರಿಕೆಯಲ್ಲಿ ಬರೆದ ಲೇಖನ. ಅದು ಒಬ್ಬರ ವಿಚಾರ, ಸಂಸ್ಥೆಯ ಘೋಷಣೆಯಲ್ಲ. ಪಾಣಿನಿಯ ಸೂತ್ರಕ್ರಮಕ್ಕೂ ಗಣಕಭಾಷೆಗಳ ವ್ಯಾಕರಣವನ್ನು ಬರೆಯುವ ಕ್ರಮಕ್ಕೂ ಸಾಮ್ಯವಿದೆಯೆಂದು 1967ರಲ್ಲಿ ಇಂಗರ್ಮನ್ ಎಂಬವರು ಸೂಚಿಸಿ, ಆ ಕ್ರಮಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದದ್ದು ಮಾತ್ರ ನಿಜ. ಪಾಣಿನಿಯ ಮಹಿಮೆಗೆ ಇಷ್ಟು ಸಾಲದೇ? ಉತ್ಪ್ರೇಕ್ಷೆಯಿಂದ ಹೊಗಳಿದರೆ ಸತ್ಯವಾದ ಹಿರಿಮೆಯೂ ಸಂದೇಹಕ್ಕೆ ಗುರಿಯಾಗುತ್ತದೆ. ಈ ಎಚ್ಚರವು ಇತಿಹಾಸದ ಅಭ್ಯಾಸದಿಂದ ಬರತಕ್ಕದ್ದು.

ಇತಿಹಾಸಕ್ಕೆ ಇನ್ನೊಂದು ಉಪಕಾರವೂ ಉಂಟು. ಪರಸ್ಥಳದಲ್ಲಿ ಬೆಳೆಯುವ ಮಗುವು ತಾನು ಇಲ್ಲಿಯವನೋ ಅಲ್ಲಿಯವನೋ ಎಂದು ತೊಳಲುತ್ತದೆ. ಶಾಲೆಯಲ್ಲಿ ಶಿವಾಜಿ ಮಹಾರಾಜರ ಚರಿತ್ರೆ, ಮನೆಯಲ್ಲಿ ವಿಜಯನಗರದ ಕಥೆ. ಇವೆರಡೂ ಬೇರೆ ಬೇರೆಯೇ? ಶಿವಾಜಿಯ ತಂದೆ ಶಹಾಜಿಗೆ ಬೆಂಗಳೂರು ಜಹಗೀರಾಗಿತ್ತು. 1664ರಲ್ಲಿ ಅವರು ದೇಹಬಿಟ್ಟದ್ದು ಚನ್ನಗಿರಿಯ ಸಮೀಪದ ಹೊದಿಗೆರೆಯಲ್ಲಿ. ಠಾಣೆಯಿಂದ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ಮೊದಲು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಬೋರಿವಲಿಯ ಕಾನ್ಹೇರಿ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಶಾಸನಗಳು ಅಮೋಘವರ್ಷನ ಆಳ್ವಿಕೆಯನ್ನು ಹೆಸರಿಸುತ್ತವೆ. ಕಲ್ಯಾಣದ ಆಚೆಯ ಅಂಬರನಾಥದಲ್ಲಿ 1060ರ ಶಾಸನವುಳ್ಳ ಶಿವಾಲಯವಿದೆ. ಅದು ಶಿಲಾಹಾರ ಮುಮ್ಮುಣಿಯ ಕಾಲದ್ದು. ದಿನವೂ ಲೋಕಲ್ ಗಾಡಿಯಲ್ಲಿ ಆ ನಿಲ್ದಾಣವನ್ನು ದಾಟುವ ನಮ್ಮ ಎಷ್ಟು ಮಕ್ಕಳು ಇಳಿದು ನೋಡಿದ್ದಾರೆ? ಈ ನೆಲಕ್ಕೂ ನಮ್ಮ ಊರಿಗೂ ಸಾವಿರ ವರ್ಷಗಳ ಬಳಕೆಯುಂಟೆಂದು ತಿಳಿದ ಮಗುವು ಇಲ್ಲಿ ಪರಕೀಯನಾಗಿ ಬಾಳಲಾರದು. 2020ರ ಕಾಯಿದೆಯಿಂದ ಶಾಲೆಗಳಲ್ಲಿ ಕಡ್ಡಾಯವಾದ ಮರಾಠಿಯನ್ನು ಆಗ ಅದು ಹೊರೆಯೆಂದು ತಿಳಿಯದೆ, ಅನ್ನವಿತ್ತ ನೆಲದ ಋಣವೆಂದು ಕಲಿಯುತ್ತದೆ.

ಇನ್ನು ವೆಬ್ ಪ್ರೋಗ್ರಾಮಿಂಗ್. ಇದನ್ನು ಕೇವಲ ಸಂಬಳದ ವಿದ್ಯೆಯೆಂದು ಹಳಿಯುವುದೂ ತಪ್ಪು. ಅಲ್ಲಿ ಒಂದು ಸಮಚಿಹ್ನೆಯು ಬೆಲೆಯನ್ನು ಕೊಡುತ್ತದೆ, ಎರಡು ಸಮಚಿಹ್ನೆಗಳು ಹೋಲಿಸಿ ನೋಡುತ್ತವೆ; ಒಂದನ್ನು ಮರೆತರೆ ಅರ್ಥವೇ ಬೇರೆಯಾಗುತ್ತದೆ. ಸ್ವರ ತಪ್ಪಿದ ಮಂತ್ರವು ಯಜಮಾನನಿಗೇ ಮುಳುವಾದ ವೃತ್ರನ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತವಲ್ಲ. ಯಂತ್ರವು ದಾಕ್ಷಿಣ್ಯವನ್ನೂ ಅರಿಯದು, ದ್ವೇಷವನ್ನೂ ಅರಿಯದು. ದೋಷ ತನ್ನ ಬರವಣಿಗೆಯಲ್ಲಿಯೇ ಇದೆಯೆಂದು ಒಪ್ಪಿ ಮತ್ತೆ ಮೊದಲಿಂದ ನೋಡುವ ವಿನಯವನ್ನು ಆ ಅಭ್ಯಾಸ ಕಲಿಸುತ್ತದೆ. ಅದರ ಮೂಲದಲ್ಲಿ ಒಂದು ವಿದ್ಯಾದಾನವೂ ಇದೆ. 1989ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಿನೀವಾದ ಸರ್ನ್ ಸಂಸ್ಥೆಯಲ್ಲಿ ರೂಪಿಸತೊಡಗಿದ ಈ ಜಾಲವನ್ನು ಆ ಸಂಸ್ಥೆಯು 1993ರ ಏಪ್ರಿಲ್ 30ರಂದು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು.

ಆದರೆ ಆ ಜಾಲದಲ್ಲಿ ಬರೆಯತಕ್ಕದ್ದೇನು? ಯಾರಿಗಾಗಿ? ಇದಕ್ಕೆ ಪ್ರೋಗ್ರಾಮಿಂಗ್ ಉತ್ತರ ಹೇಳಲಾರದು. ಇಲ್ಲಿ ಸಾಹಿತ್ಯ ಬೇಕು. ಗಣಕದಲ್ಲಿ ಕನ್ನಡದ ಸುಲಭ ಕೀಲಿಮಣೆಯನ್ನು ರೂಪಿಸಿದ ಕೆ.ಪಿ. ರಾವ್ ಅವರು ತಮ್ಮ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟರು. ಛಂದಸ್ಸು ವ್ಯಾಕರಣಗಳ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗಾಗಿ. ಕನ್ನಡದ ಅಕ್ಷರ ಹೇಗೆ ಕೂಡುತ್ತದೆ, ಒತ್ತು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅರಿಯದವನಿಂದ ಆ ಕೆಲಸ ಆಗುತ್ತಿರಲಿಲ್ಲ. ಯಂತ್ರವನ್ನು ಅರಿಯದ ವೈಯಾಕರಣನಿಂದಲೂ ಆಗುತ್ತಿರಲಿಲ್ಲ. ಊರಿನಲ್ಲಿರುವ ಅಜ್ಜಿಯು ಇಂಗ್ಲಿಷಿನ ಅರ್ಜಿಯನ್ನು ಓದಲಾರದೆ ಕುಳಿತಿದ್ದರೆ, ಅದನ್ನು ಅವರ ಮಾತಿನಲ್ಲಿ ರಚಿಸಬಲ್ಲವನು ಎರಡು ವಿದ್ಯೆಗಳನ್ನೂ ಉಳಿಸಿಕೊಂಡ ಮೊಮ್ಮಗನೇ.

ಮಗುವಿನ ದಿನಕ್ಕೂ ಇಪ್ಪತ್ನಾಲ್ಕೇ ಗಂಟೆ, ಎಲ್ಲವನ್ನೂ ಕಲಿಯುವುದು ಹೇಗೆ ಎಂದು ತಂದೆತಾಯಿಗಳು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಇಲ್ಲಿ ನಮಗೆ ತಾರತಮ್ಯದ ತತ್ತ್ವ ನೆರವಾಗುತ್ತದೆ. ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬ ಕ್ರಮವಿರಲಿ. ಆದರೆ ಅಮುಖ್ಯವೆಂದರೆ ತ್ಯಾಜ್ಯವೆಂದು ಅರ್ಥವಲ್ಲ. ಜೀವನೋಪಾಯದ ವಿದ್ಯೆಗೆ ಹೆಚ್ಚು ಸಮಯ ಸಲ್ಲಲಿ. ಪರೀಕ್ಷೆಯ ಪಟ್ಟಿಯಿಂದ ಕನ್ನಡವೋ ಸಂಸ್ಕೃತವೋ ಬಿಟ್ಟುಹೋಗುವುದು ಅನಿವಾರ್ಯವಾದರೆ ಹೋಗಲಿ, ಮನೆಯಿಂದ ಬಿಟ್ಟುಹೋಗಬಾರದು. ದಿನಕ್ಕೆ ಅರ್ಧ ಗಂಟೆ ಮಗುವು ಗಟ್ಟಿಯಾಗಿ ಕನ್ನಡವನ್ನು ಓದಲಿ, ಹಿರಿಯರು ಕೇಳಲಿ. ರಜೆಯ ಒಂದು ದಿನ ಅಂಬರನಾಥಕ್ಕೋ ಕಾನ್ಹೇರಿಗೋ ಕುಟುಂಬವೆಲ್ಲ ಹೋಗಿಬರಲಿ. ಪ್ರೋಗ್ರಾಮಿಂಗ್ ಕಲಿಯುವ ಮಗುವು ಅಂಕಕ್ಕಾಗಿ ಪುಸ್ತಕವನ್ನು ಉರುಹೊಡೆಯದೆ, ಮನೆತನದ ವಂಶಾವಳಿಯನ್ನೋ ಅಜ್ಜಿಯ ಹಾಡುಗಳ ಸಂಗ್ರಹವನ್ನೋ ತನ್ನ ಕೈಯಾರೆ ಜಾಲಪುಟವಾಗಿ ರಚಿಸಲಿ. ಅದರಲ್ಲಿ ಇತಿಹಾಸ, ಸಾಹಿತ್ಯ, ತಂತ್ರ ಮೂರೂ ಕೂಡುತ್ತವೆ.

ಹುಟ್ಟಿದವನಿಗೆ ಮೂರು ಋಣಗಳುಂಟು. ಅವುಗಳಲ್ಲಿ ಋಷಿಋಣವು ಅಧ್ಯಯನದಿಂದ ಮಾತ್ರ ತೀರತಕ್ಕದ್ದು. ನಮಗಿಂತ ಮೊದಲು ನೋಡಿದವರು, ಲೆಕ್ಕ ಹಾಕಿದವರು, ಹಾಡಿದವರು, ಬರೆದಿಟ್ಟವರು ಎಲ್ಲರಿಗೂ ನಾವು ಸಾಲಗಾರರು. ಮಕ್ಕಳ ಕೈಯಲ್ಲಿ ನಾವು ಒಂದೇ ಪುಸ್ತಕವನ್ನಿಟ್ಟರೆ ಉಳಿದವರ ಸಾಲವನ್ನು ಯಾರು ತೀರಿಸಬೇಕು? ಫಲಿತಾಂಶದ ದಿನ ಮಗುವಿಗೆ ಎಷ್ಟು ಅಂಕ ಬಂತೆಂದು ಕೇಳುವ ಮೊದಲು, ಈ ವರ್ಷ ಏನನ್ನು ತಿಳಿದೆ ಎಂದು ಕೇಳುವ ಅಭ್ಯಾಸವನ್ನು ಪ್ರತಿಯೊಂದು ಮನೆಯೂ ಬೆಳೆಸಿಕೊಳ್ಳಲೆಂದು ಆಶಿಸುತ್ತೇವೆ.