ಶಿಲೆಯೊಳಗಣ ಕಿರುದಾರಿ

ಗೀಜಾದ ಮಹಾಪಿರಮಿಡ್ಡಿನ ಗರ್ಭದಲ್ಲಿ, ಖುಫು ಮಹಾರಾಜನ ಶಿಲಾಪೇಟಿಕೆಯಿರುವ ಕೋಣೆಯ ಉತ್ತರ ದಕ್ಷಿಣ ಭಿತ್ತಿಗಳಿಂದ ಹೊರಟು ಹೊರಮೈಯವರೆಗೂ ಓರೆಯಾಗಿ ಏರಿಹೋಗುವ, ಗೇಣಗಲದ ಎರಡು ದಾರಿಗಳನ್ನು ಕಂಡ ಹಿಂದಿನ ವಿದ್ವಾಂಸರು, ಅವು ವಾಯುಸಂಚಾರಕ್ಕಾಗಿ ನಿರ್ಮಿತವಾದುವೆಂದು ನಿಶ್ಚಯಿಸಿ ನಿಶ್ಚಿಂತರಾದರು. ಆದರೆ 1872ರಲ್ಲಿ ವೇಯ್ನ್‌ಮನ್ ಡಿಕ್ಸನ್ನನು, ರಾಣಿಯ ಕೋಣೆಯೆಂದು ವೃಥಾ ಹೆಸರಾದ ಕೆಳಗಿನ ಕೋಣೆಯ ಗೋಡೆಯನ್ನು ಒಡೆಸಿದಾಗ, ಅಲ್ಲಿಯೂ ಅಂಥವೇ ಎರಡು ದಾರಿಗಳು, ಕೋಣೆಯ ಕಡೆಗೆ ಕೆಲವು ಅಂಗುಲ ಕಲ್ಲನ್ನು ಕೊರೆಯದೆ ಉಳಿಸಿದ ಸ್ಥಿತಿಯಲ್ಲಿ ದೊರೆತುವು. ಒಳಗೆ ಒಂದು ಕಲ್ಲುಗುಂಡು, ತಾಮ್ರದ ಕೊಕ್ಕೆ, ಮರದ ತುಂಡು. ಬಾಯಿಯೇ ಇಲ್ಲದ ದಾರಿಯಿಂದ ಗಾಳಿ ಬರುವುದೆಂತು?

1964ರಲ್ಲಿ ಟ್ರಿಂಬಲ್ ಮತ್ತು ಬದಾವಿ ಎಂಬವರು, ರಾಜನ ಕೋಣೆಯ ದಕ್ಷಿಣದ ದಾರಿ ಒರೈಯನ್ನನ ನಡುಪಟ್ಟಿಯತ್ತಲೂ ಉತ್ತರದ್ದು ಅಂದಿನ ಧ್ರುವಸ್ಥಾನದ ಸಮೀಪವಿದ್ದ ಥೂಬಾನ್ ತಾರೆಯತ್ತಲೂ ಮುಖಮಾಡಿರುವುವೆಂದೂ, ಇವು ಆತ್ಮದ ಊರ್ಧ್ವಗಮನಕ್ಕೆ ಪಥಗಳೆಂದೂ ಪ್ರತಿಪಾದಿಸಿದರು. ವಾದ ಮನೋಹರವಾದುದು, ಆದರೆ ಅದಕ್ಕೆ ಆಧಾರವಾದ ಪಿರಮಿಡ್ ಮಂತ್ರಗಳು ಮೊದಲು ಕೆತ್ತಲ್ಪಟ್ಟುದು ಸುಮಾರು ಎರಡು ಶತಮಾನಗಳ ತರುವಾಯ, ಉನಾಸ್ ದೊರೆಯ ಸಮಾಧಿಯಲ್ಲಿ. ಕೆಳಕೋಣೆಯ ದಾರಿಗಳು ಬಾಯಿಲ್ಲದೆ ಉಳಿದುದು, ಆ ಕೋಣೆ ನಡುವೆಯೇ ಕೈಬಿಟ್ಟ ಯೋಜನೆಯಾದುದರಿಂದ ಎಂಬವರೂ ಉಂಟು. ಹಾಗಾದರೆ 1993ರಲ್ಲಿ ಗಾಂಟೆನ್‌ಬ್ರಿಂಕ್ ಎಂಬವನು ಒಳಗೆ ಕಳುಹಿಸಿದ ಯಂತ್ರವು ಆ ಕೋಣೆಯ ದಕ್ಷಿಣದ ದಾರಿಯ ತುದಿಯಲ್ಲಿ ಕಂಡ, ಎರಡು ತಾಮ್ರದ ಮೊಳೆಗಳುಳ್ಳ ಸುಣ್ಣಕಲ್ಲಿನ ಚಪ್ಪಡಿಯನ್ನು ಅಷ್ಟು ಶ್ರಮದಿಂದ ಏಕೆ ಕೂರಿಸಿದರು? 2002ರಲ್ಲಿ ಅದನ್ನು ಕೊರೆದು ನೋಡಿದರೆ, ಹಿಂದೆ ಮತ್ತೊಂದು ಕಲ್ಲು!

ಆತ್ಮಕ್ಕೆ ಶಿಲೆ ಅಡ್ಡಿಯಲ್ಲವಾದರೆ ದಾರಿಯೇ ಬೇಡವಲ್ಲ ಎಂಬ ಆಕ್ಷೇಪವು ತರ್ಕಕ್ಕೆ ಒಪ್ಪುವುದಾದರೂ, ಈಜಿಪ್ಟಿನವರ ಶ್ರದ್ಧೆಗೆ ಒಪ್ಪುವುದಿಲ್ಲ. ಏಕೆಂದರೆ ಸಕ್ಕಾರದ ಗೋರಿಗಳಲ್ಲಿ ಅವರು ಗಟ್ಟಿಗಲ್ಲಿನ ಮೇಲೆ ಬಾಗಿಲಿನ ಆಕಾರವನ್ನಷ್ಟೇ ಕೆತ್ತಿ, ಮೃತನ 'ಕಾ' ಎಂಬ ಜೀವಚೈತನ್ಯವು ಅದರ ಮೂಲಕವೇ ಬಂದು ನೈವೇದ್ಯವನ್ನು ಸ್ವೀಕರಿಸುವುದೆಂದು ನಂಬಿ, ಅದರ ಮುಂದೆ ರೊಟ್ಟಿಯನ್ನೂ ಮದ್ಯವನ್ನೂ ಇಡುತ್ತಿದ್ದರು.