ರಾಜಿಯಾದ ಮೇಲೆ ಉಳಿಯುವ ಪ್ರಶ್ನೆ

2021ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಕ್ರೈಸ್ತ ಧರ್ಮದ ಪುಸ್ತಿಕೆಗಳನ್ನು ಸುಟ್ಟರು. ಮನೆಮನೆಗೆ ಹೋಗಿ ಹಂಚುತ್ತಿದ್ದವರನ್ನು ಬಲಪಂಥೀಯ ಕಾರ್ಯಕರ್ತರು ತಡೆದು, ಕೈಯಲ್ಲಿದ್ದದ್ದನ್ನು ಕಿತ್ತುಕೊಂಡು ಬೆಂಕಿ ಇಟ್ಟರು. ಪೊಲೀಸರು ಹೇಳಿದ್ದು ಎರಡು ಮಾತು. ಹೀಗೆ ಮನೆಮನೆಗೆ ಹಂಚಿ ಸೌಹಾರ್ದ ಕೆಡಿಸಬೇಡಿ ಎಂದು ಕ್ರೈಸ್ತರಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದೆವು. ಈಗ ಎರಡೂ ಕಡೆಯವರು ರಾಜಿಯಾಗಿದ್ದಾರೆ.

ಈ ತಾಲ್ಲೂಕಿನವರಿಗೆ ರಾಜಿ ಹೊಸದಲ್ಲ. ಹೊಲದ ಬದು, ಮಾವಿನ ತೋಪಿನ ಗುತ್ತಿಗೆ, ಅಣ್ಣತಮ್ಮಂದಿರ ಪಾಲು, ಇವಕ್ಕೆಲ್ಲ ಕೋರ್ಟು ಅಲೆಯುವುದಕ್ಕಿಂತ ನಾಲ್ಕು ಜನ ಹಿರಿಯರ ಮುಂದೆ ಕೂತು ಮುಗಿಸಿಕೊಳ್ಳುವುದೇ ಲೇಸು ಎಂದು ಯಾರಾದರೂ ಹೇಳಿಯಾರು. ಆದರೆ ಬದುವಿನ ಜಗಳಕ್ಕೆ ಒಗ್ಗುವ ದಾರಿ ಮನಸ್ಸಾಕ್ಷಿಯ ವಿಷಯಕ್ಕೂ ಒಗ್ಗುತ್ತದೆಯೇ? ಇಲ್ಲ ಎನ್ನುವುದು ನನ್ನ ವಾದ. ಧಾರ್ಮಿಕ ಸ್ವಾತಂತ್ರ್ಯದ ಮಾತು ಬಂದಾಗಲೆಲ್ಲ ನಾವು ಸೌಹಾರ್ದದ ನಿದರ್ಶನ ಕೊಟ್ಟು ಸಮಾಧಾನಪಡುತ್ತೇವೆ. ಮುಳಬಾಗಿಲಿನ ಹೈದರ್ ವಲಿ ದರ್ಗಾಕ್ಕೆ ಹಿಂದೂಗಳೂ ಹೋಗುತ್ತಾರೆ, ಬಾಬಯ್ಯನ ಹಬ್ಬಕ್ಕೆ ಊರೆಲ್ಲ ಸೇರುತ್ತದೆ ಎನ್ನುತ್ತೇವೆ. ನಿಜವೇ, ಹೆಮ್ಮೆಪಡುವ ಸಂಗತಿಯೇ. ಆದರೆ ಸೌಹಾರ್ದ ಇರುವುದು ಗುಂಪು ಗುಂಪುಗಳ ನಡುವೆ. ಸ್ವಾತಂತ್ರ್ಯ ಬೇಕಾಗುವುದು ಒಬ್ಬ ಮನುಷ್ಯನಿಗೆ, ಎಷ್ಟೋ ಸಲ ತನ್ನ ಗುಂಪಿನ ಎದುರಿಗೇ.

ಕನ್ನಡ ನಾಡಿನ ರಾಜಿಗಳಲ್ಲಿ ಬಹಳ ಹೆಸರಾದದ್ದು 1368ರದು. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರು ಕೊಂಡೊಯ್ದರು. ರಾಯ ಜೈನರ ಕೈಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ, ಪಂಚಮಹಾವಾದ್ಯ ಕಲಶಗಳ ಮರ್ಯಾದೆ ಜೈನರಿಗೂ ಸಲ್ಲುತ್ತದೆ ಎಂದು ತೀರ್ಮಾನಿಸಿದ. ಶ್ರವಣಬೆಳಗೊಳದ ಶಾಸನದಲ್ಲಿ ಇದು ದಾಖಲಾಗಿದೆ. ಹದಿನಾಲ್ಕನೆಯ ಶತಮಾನದಲ್ಲಿ ಒಬ್ಬ ಅರಸ ಇಷ್ಟು ಮಾಡಿದ್ದು ದೊಡ್ಡದೇ. ಶಾಲೆಯಲ್ಲಿ ನಮಗೆ ಕಲಿಸುವುದೂ ಇಷ್ಟನ್ನೇ. ಶಾಸನದ ಮುಂದಿನ ಭಾಗದ ಮಾತು ಕಡಿಮೆ. ಜೈನರ ಮನೆಗೊಂದರಂತೆ ವರ್ಷಕ್ಕೆ ಒಂದು ಹಣ ಎತ್ತಬೇಕು. ತಿರುಮಲೆಯ ತಾತಯ್ಯ ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನಿಡಬೇಕು. ಉಳಿದದ್ದು ಬಸದಿಗಳ ಸುಣ್ಣಬಣ್ಣಕ್ಕೆ. ಅಂದರೆ ಜೈನರ ದೇವರ ಕಾವಲು ವೈಷ್ಣವರ ಕೈಗೆ ಹೋಯಿತು, ಖರ್ಚು ಜೈನರ ಮೇಲೆ ಬಿತ್ತು. ಶಾಂತಿ ಬಂತು, ಯಾರು ಯಾರ ಆಶ್ರಯದಲ್ಲಿ ಬದುಕಬೇಕು ಎನ್ನುವುದೂ ಇತ್ಯರ್ಥವಾಯಿತು. ವಾದ್ಯ ಯಾರು ನುಡಿಸಬಹುದು ಎನ್ನುವುದು ಆ ಕಲ್ಲಿನಲ್ಲಿದೆ. ಒಬ್ಬ ಜೈನನಿಗೆ ಬೇರೊಂದು ದಾರಿ ಹಿಡಿಯಬೇಕೆನಿಸಿದರೆ ಅವನ ಗತಿ ಏನು ಎನ್ನುವುದಿಲ್ಲ. ಆ ಕಾಲಕ್ಕೆ ಅದು ಪ್ರಶ್ನೆಯೇ ಆಗಿರಲಿಲ್ಲ.

ನಮ್ಮ ಕಾಲದಲ್ಲಿ ಅದು ಪ್ರಶ್ನೆ. 2022ರ ಸೆಪ್ಟೆಂಬರ್ 8ರಂದು ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಭೂತಮ್ಮನ ಉತ್ಸವ ನಡೆಯುತ್ತಿದ್ದಾಗ, ದೇವರಿಗೆ ಸೇರಿದ ಗುಜ್ಜುಕೋಲನ್ನು ಹದಿಹರೆಯದ ದಲಿತ ಹುಡುಗನೊಬ್ಬ ಮುಟ್ಟಿದ. ಮೈಲಿಗೆಯಾಯಿತೆಂದು ಊರ ಹಿರಿಯರು ಪಂಚಾಯಿತಿ ಸೇರಿಸಿ ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಕಟ್ಟದಿದ್ದರೆ ಊರು ಬಿಡಬೇಕು. ಮಾಸ್ತಿ ಠಾಣೆಯಲ್ಲಿ ದೂರು ದಾಖಲಾಗಿ ಸುದ್ದಿ ಹೊರಬಿತ್ತು. (ಮಾಸ್ತಿ ಎಂದರೆ ನಮಗೆ ಸಣ್ಣಕತೆಯ ಮಾಸ್ತಿಯವರ ಊರು. ಅವರು ಬರೆದ ಹಳ್ಳಿಯ ಹಿರಿಯರಿಗೂ ಈ ಹಿರಿಯರಿಗೂ ಎಷ್ಟು ದೂರ ಎಂದು ಯೋಚಿಸದೆ ಇರುವುದು ಕಷ್ಟ.) ದೇವರಿಗೆ ನಾವು ಬೇಡವಾದರೆ ಇನ್ನು ಅಂಬೇಡ್ಕರರನ್ನೇ ಪೂಜಿಸುತ್ತೇವೆ ಎಂದು ಹುಡುಗನ ತಾಯಿ ಪತ್ರಕರ್ತರಿಗೆ ಹೇಳಿದರು.

ಪತ್ರಿಕೆಗಳು ಇದನ್ನು ಜಾತಿ ದೌರ್ಜನ್ಯದ ಸುದ್ದಿ ಎಂದವು. ಸರಿಯೇ. ಆದರೆ ಇದು ಧಾರ್ಮಿಕ ಸ್ವಾತಂತ್ರ್ಯದ ಸುದ್ದಿಯೂ ಹೌದು ಎಂದು ಯಾರಿಗೂ ಹೊಳೆಯಲಿಲ್ಲ. ಧಾರ್ಮಿಕ ಸ್ವಾತಂತ್ರ್ಯ ಎಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಸರ್ಕಾರ ಮತ್ತು ಅಲ್ಪಸಂಖ್ಯಾತರು ಮಾತ್ರ. ಸಂವಿಧಾನದ 25ನೆಯ ವಿಧಿ ಹಾಗೆ ನೋಡುವುದಿಲ್ಲ. ಮನಸ್ಸಾಕ್ಷಿಯ ಸ್ವಾತಂತ್ರ್ಯ ಎಲ್ಲ ವ್ಯಕ್ತಿಗಳಿಗೂ ಸಮಾನ ಎಂದು ಅದು ಶುರುವಾಗುತ್ತದೆ. ಸಾರ್ವಜನಿಕ ಸ್ವರೂಪದ ಹಿಂದೂ ದೇವಾಲಯಗಳನ್ನು ಹಿಂದೂಗಳ ಎಲ್ಲ ವರ್ಗಗಳಿಗೂ ತೆರೆಯಲು ಕಾನೂನು ಮಾಡಬಹುದು ಎಂದು ಮುಂದೆ ಹೇಳುತ್ತದೆ. ದಕ್ಷಿಣ ಕನ್ನಡದ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ ಇದೇ ತಿಕ್ಕಾಟ. ಇದು ಗೌಡ ಸಾರಸ್ವತರ ದೇವಸ್ಥಾನ, ಯಾರು ಒಳಬರಬೇಕೆಂದು ನಿರ್ಧರಿಸುವುದು ನಮ್ಮ ಧಾರ್ಮಿಕ ಹಕ್ಕು ಎಂದು ಆಡಳಿತದವರು ವಾದಿಸಿದರು. ಸುಪ್ರೀಂ ಕೋರ್ಟು 1957ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ದೇವಸ್ಥಾನ ಆ ಸಮುದಾಯದ್ದೇ ಎಂದು ಒಪ್ಪಿತು, ಕೆಲವು ವಿಶೇಷ ಸೇವೆಗಳನ್ನು ಅವರಿಗೇ ಬಿಟ್ಟಿತು, ಬಾಗಿಲು ಮಾತ್ರ ಎಲ್ಲ ಹಿಂದೂಗಳಿಗೂ ತೆರೆದಿರಬೇಕು ಎಂದಿತು. ಸಮುದಾಯದ ಹಕ್ಕಿಗಿಂತ ಬಾಗಿಲಲ್ಲಿ ನಿಂತವನ ಹಕ್ಕು ಒಂದು ಕೈ ಮೇಲೆ ನಿಂತಿತು. ಅದಾಗಿ 65 ವರ್ಷಕ್ಕೆ ಉಳ್ಳೇರಹಳ್ಳಿ.

ಈ ಕತೆಗೆ ಇನ್ನೊಂದು ಮಗ್ಗುಲಿದೆ. ಉತ್ಸವ ನಡೆದು ಸರಿಯಾಗಿ ಒಂದು ವಾರಕ್ಕೆ, ಸೆಪ್ಟೆಂಬರ್ 15ರಂದು, ವಿಧಾನ ಪರಿಷತ್ತು ಮತಾಂತರ ನಿಷೇಧ ಮಸೂದೆಯನ್ನು ಅಂಗೀಕರಿಸಿತು. ಅದರ ಅಧಿಕೃತ ಹೆಸರು ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ! ಅದರ ಪ್ರಕಾರ ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅದನ್ನು ಸೂಚನಾ ಫಲಕದಲ್ಲಿ ಹಾಕಿ ಆಕ್ಷೇಪಣೆ ಕರೆಯಬೇಕು. ಮತಾಂತರಗೊಂಡವರು ದಲಿತರೋ ಮಹಿಳೆಯರೋ ಆಗಿದ್ದರೆ, ತಪ್ಪಿತಸ್ಥರಿಗೆ ಶಿಕ್ಷೆ ಹತ್ತು ವರ್ಷದವರೆಗೂ ಹೋಗಬಹುದು. ಹಿಂದಿನ ಮತಕ್ಕೆ ಮರಳುವುದು ಮಾತ್ರ ಮತಾಂತರವೇ ಅಲ್ಲ. ಆಮಿಷ ಎಂದರೆ ಏನೇನು ಎಂಬ ಪಟ್ಟಿಯಲ್ಲಿ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿ, ದೈವದ ಅವಕೃಪೆ ಎಲ್ಲವೂ ಇವೆ.

ದೈವದ ಅವಕೃಪೆಯನ್ನೇ ನೋಡಿ. ದೇವರು ಮುನಿಯುತ್ತಾನೆ ಎಂದು ಹೆದರಿಸಿ ಒಬ್ಬನನ್ನು ಬೇರೆ ಮತಕ್ಕೆ ಕರೆದರೆ ಜೈಲು. ದೇವರು ಮುನಿಯುತ್ತಾಳೆ ಎಂದು ಹೇಳಿ ಒಂದು ಸಂಸಾರವನ್ನು ಊರಾಚೆಗೆ ತಳ್ಳಲು ಹೊರಟರೆ ಅದಕ್ಕೆ ಈ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ. ಮುಂಬಾಗಿಲಲ್ಲಿ ಒಳಗೆ ಬಿಡದ ಮನೆಯವರೇ ಹಿತ್ತಲ ಬಾಗಿಲಿಗೂ ಕಾವಲು ಹಾಕಿದಂತೆ.

ಆಮಿಷ ಒಡ್ಡುವವರೇ ಇಲ್ಲವೇ ಎಂದು ಕೇಳುವವರಿದ್ದಾರೆ. ಇದ್ದಾರು. ಬಡವನ ಕಷ್ಟವನ್ನು ಬಂಡವಾಳ ಮಾಡಿಕೊಳ್ಳುವವರು ಎಲ್ಲ ಮತಗಳಲ್ಲೂ ಸಿಗುತ್ತಾರೆ. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು 1977ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಮೋಸ, ಬೆದರಿಕೆಗಳಿಗೆ ಸಾಮಾನ್ಯ ಅಪರಾಧ ಕಾನೂನಿನಲ್ಲೇ ಶಿಕ್ಷೆಯಿದೆ. ಒಬ್ಬ ಕೂಲಿಯವಳ ಮನಸ್ಸು ಬದಲಾದರೆ ಅದು ಅವಳದೇ ಇರಲಾರದು, ಯಾರೋ ತಲೆ ತಿರುಗಿಸಿರಬೇಕು ಎಂಬ ಗುಮಾನಿ ಈ ಕಾಯ್ದೆಯ ತಳಹದಿಯಲ್ಲಿದೆ. ದಲಿತರನ್ನೂ ಹೆಂಗಸರನ್ನೂ ಅಪ್ರಾಪ್ತ ವಯಸ್ಸಿನ ಮಕ್ಕಳನ್ನೂ ಅದು ಒಂದೇ ಸಾಲಿನಲ್ಲಿ ಕೂರಿಸಿರುವುದು ಅದಕ್ಕೇ. ಹಿಂದೂವಾಗಿ ಸಾಯಲಾರೆ ಎಂದು 1935ರಲ್ಲಿ ಸಾರಿದ ಅಂಬೇಡ್ಕರರು ಬೌದ್ಧರಾದದ್ದು 1956ರಲ್ಲಿ. ಇಪ್ಪತ್ತೊಂದು ವರ್ಷ ಯೋಚಿಸಿದವರಿಗೂ ಈ ಕಾಯ್ದೆ ನಮೂನೆ ಕೊಟ್ಟು ಆಕ್ಷೇಪಣೆ ಕರೆಯುತ್ತಿತ್ತು.

ಹೊರಗಿನ ಪ್ರಪಂಚದಲ್ಲೂ ಗಂಟು ಬಿಗಿದಿರುವುದು ಇಲ್ಲೇ. 1948ರ ಮಾನವ ಹಕ್ಕುಗಳ ಘೋಷಣೆಯ 18ನೆಯ ವಿಧಿಯಲ್ಲಿ ಧರ್ಮ ಬದಲಿಸುವ ಸ್ವಾತಂತ್ರ್ಯವನ್ನು ಸೇರಿಸಿದ್ದಕ್ಕೆ ಸೌದಿ ಅರೇಬಿಯ ಆಕ್ಷೇಪಿಸಿ ಮತದಾನದಿಂದ ದೂರ ಉಳಿಯಿತು. ಪಾಕಿಸ್ತಾನದ ವಿದೇಶಾಂಗ ಮಂತ್ರಿ ಜಫ್ರುಲ್ಲಾ ಖಾನ್ ಆ ವಿಧಿಯ ಪರವಾಗಿ ಮಾತಾಡಿದರು. ಅವರು ಅಹ್ಮದೀಯ ಪಂಥದವರು. 1974ರಲ್ಲಿ ಅದೇ ಪಾಕಿಸ್ತಾನ ಸಂವಿಧಾನ ತಿದ್ದಿ ಅಹ್ಮದೀಯರು ಮುಸ್ಲಿಮರಲ್ಲ ಎಂದಿತು. 1984ರಲ್ಲಿ ತಾವು ಮುಸ್ಲಿಮರೆಂದು ಅವರು ಹೇಳಿಕೊಳ್ಳುವುದೇ ಅಪರಾಧವಾಯಿತು. ನೊಬೆಲ್ ಪಡೆದ ಅಹ್ಮದೀಯ ವಿಜ್ಞಾನಿ ಅಬ್ದುಸ್ ಸಲಾಂ ಅವರ ಗೋರಿಕಲ್ಲಿನ ಮೇಲಿದ್ದ ‘ಮುಸ್ಲಿಂ’ ಎಂಬ ಪದವನ್ನೂ ಅಳಿಸಿದರು. ಬಹಾಯಿಗಳಿಗೆ ಇರಾನಿನಲ್ಲಿ ಮಾನ್ಯತೆಯೇ ಇಲ್ಲ. ರಷ್ಯಾ 2017ರಲ್ಲಿ ಯೆಹೋವನ ಸಾಕ್ಷಿಗಳನ್ನು ನಿಷೇಧಿಸಿತು. ದೊಡ್ಡ ಮತಗಳು ಒಂದರ ಪಕ್ಕ ಒಂದು ಹೇಗೋ ಬದುಕಿಕೊಳ್ಳುತ್ತವೆ. ಪೆಟ್ಟು ಬೀಳುವುದು ಯಾವ ಮನೆಗೂ ಪೂರ್ತಿ ಸೇರದವರಿಗೆ.

ರಾಜಿಯೇ ಬೇಡವೆಂದಲ್ಲ. ಪುಸ್ತಿಕೆ ಹಂಚಿದವರು ನಾಳೆ ಅದೇ ಬೀದಿಯಲ್ಲಿ ಹಾಲು ತರಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು. ಅವರು ರಾಜಿಗೆ ತಲೆದೂಗಿದರೆ ಕುಳಿತು ಬರೆಯುವ ನಾನು ತಪ್ಪು ಹುಡುಕಬಾರದು. ರಾಜಿಯಾಯಿತು ಎಂದು ಸರ್ಕಾರ ಕಡತ ಮುಚ್ಚುವುದು ಬೇರೆ. ಬೆಂಕಿ ಇಟ್ಟವನನ್ನೂ ಪುಸ್ತಿಕೆ ಕೊಟ್ಟವನನ್ನೂ ಎರಡು ಕಡೆ ಎಂದು ಕರೆದಾಗಲೇ ಅರ್ಧ ನ್ಯಾಯ ಮುಗಿದುಹೋಯಿತು. 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಮತಾಂತರ ನಿಷೇಧ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿತು. ಒಳ್ಳೆಯ ತೀರ್ಮಾನ. ಆದರೆ ಕಾಯ್ದೆಯೊಂದು ಹೋದರೆ ಹಿತ್ತಲ ಕಾವಲಷ್ಟೇ ಹೋಗುತ್ತದೆ. ದಂಡ ಹಾಕುವ ಪಂಚಾಯಿತಿಗೆ ಯಾವ ಕಾಯ್ದೆಯ ಬೆಂಬಲವೂ ಬೇಕಾಗಿರಲಿಲ್ಲ. ಅಸ್ಪೃಶ್ಯತೆ ಸಂವಿಧಾನದಲ್ಲೇ ರದ್ದಾಗಿದ್ದರೂ ಆ ಪಂಚಾಯಿತಿ ಕೂತು 60,000ದ ಲೆಕ್ಕ ಹಾಕಿತು.