ಕುರ್ಚಿಯ ಗೀರಿಗೆ ಹೊಣೆ ಯಾರು?

ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಕುರ್ಚಿಗಳು ಈಗ ನಮ್ಮ ಮನೆಗಳಿಗೂ ಬಂದಿವೆ. ಚಿಕ್ಕ ಹಜಾರದಲ್ಲಿ ನಾಲ್ಕು ಕುರ್ಚಿ ಇಟ್ಟರೂ ಅವು ಜಾಗ ತಿಂದಂತೆ ಕಾಣುವುದಿಲ್ಲ. ಹಿಂದಿನ ಗೋಡೆ, ನೆಲದ ಟೈಲ್ಸು, ಕಿಟಕಿಯ ಬೆಳಕು ಎಲ್ಲವೂ ಅದರ ಮೂಲಕ ಕಾಣುತ್ತವೆ. ತಂದ ಹೊಸತರಲ್ಲಿ ಮನೆಯವರಿಗೆಲ್ಲ ಅದರದೇ ಸಂಭ್ರಮ. ಸ್ವಲ್ಪ ದಿನ ಕಳೆಯುವುದರೊಳಗೆ ಆಸನದ ಮೇಲೆ ಮೊದಲ ಗೀರು ಕಾಣಿಸಿಕೊಳ್ಳುತ್ತದೆ. ಆಗ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: "ಇದನ್ನು ಮಾಡಿದ್ದು ಯಾರು?"

ಈ ಪ್ರಶ್ನೆಯ ಬಗ್ಗೆಯೇ ಇಲ್ಲಿ ಬರೆಯಬೇಕೆಂದಿದ್ದೇನೆ. ಆದರೆ ವಸ್ತುವಿನ ಸ್ವಭಾವವನ್ನು ತಿಳಿಯದೆ ಹೊಣೆಯ ಮಾತನ್ನಾಡುವುದು ನ್ಯಾಯವಲ್ಲ. ಆದುದರಿಂದ ಮೊದಲು ಕುರ್ಚಿಯ ವಿಷಯ.

ಪಾರದರ್ಶಕ ಕುರ್ಚಿಗಳೆಲ್ಲ ಒಂದೇ ಬಗೆಯ ಪ್ಲಾಸ್ಟಿಕ್‌ನವಲ್ಲ. ಒಳ್ಳೆಯ ತರದವು ಸಾಮಾನ್ಯವಾಗಿ ಪಾಲಿಕಾರ್ಬೋನೇಟ್ ಎಂಬುದರಿಂದ ಮಾಡಿದವು. 1953ರಲ್ಲಿ ಜರ್ಮನಿಯ ಬಾಯರ್ ಕಂಪೆನಿಯಲ್ಲಿ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಲ್ಲಿ ಡೇನಿಯಲ್ ಫಾಕ್ಸ್ ಎಂಬವರು ಒಬ್ಬರಿಗೊಬ್ಬರು ತಿಳಿಯದೆ, ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಇದನ್ನು ಕಂಡುಹಿಡಿದರು. ಹೆಲ್ಮೆಟ್ಟಿನ ಮುಂಗಾಜು, ಪೊಲೀಸರ ಪಾರದರ್ಶಕ ಗುರಾಣಿ, ಸಿ.ಡಿ. ಇವೆಲ್ಲ ಇದರಿಂದಲೇ ತಯಾರಾಗುತ್ತವೆ. 2002ರಲ್ಲಿ ಫ್ರಾನ್ಸಿನ ಫಿಲಿಪ್ ಸ್ಟಾರ್ಕ್ ಎಂಬ ವಿನ್ಯಾಸಕಾರರು ಇಟಲಿಯ ಕಾರ್ಟೆಲ್ ಕಂಪೆನಿಗಾಗಿ 'ಲೂಯಿ ಘೋಸ್ಟ್' ಎಂಬ ಕುರ್ಚಿಯನ್ನು ರೂಪಿಸಿದರು. ಫ್ರಾನ್ಸಿನ ಹದಿನಾರನೆಯ ಲೂಯಿ ದೊರೆಯ ಕಾಲದ ಕೈಕುರ್ಚಿಯ ಆಕಾರವನ್ನು ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ತೆಗೆದ ಕುರ್ಚಿ ಅದು. ಅದನ್ನು ನೋಡಿ ಮಾಡಿದ ಅಗ್ಗದ ಕುರ್ಚಿಗಳು ಆಮೇಲೆ ಎಲ್ಲೆಡೆ ಹರಡಿದವು. ದೊರೆಯ ಕುರ್ಚಿಯ ನೆರಳು ನಮ್ಮ ಹಜಾರದವರೆಗೂ ಬಂತೆನ್ನಬಹುದು!

ಅಗ್ಗದವುಗಳಲ್ಲಿ ಅಕ್ರಿಲಿಕ್‌ನವೂ ಇವೆ. ನೋಟಕ್ಕೆ ಎರಡೂ ಒಂದೇ, ಗುಣ ಮಾತ್ರ ಬೇರೆ. ಪಾಲಿಕಾರ್ಬೋನೇಟ್ ಪೆಟ್ಟನ್ನು ತಡೆಯುತ್ತದೆ, ಬಿದ್ದರೂ ಸುಲಭವಾಗಿ ಒಡೆಯುವುದಿಲ್ಲ, ಆದರೆ ಅದರ ಮೈ ಮೆದು. ಅಕ್ರಿಲಿಕ್‌ನ ಮೈ ಅದಕ್ಕಿಂತ ಗಟ್ಟಿ, ಗೀರು ಕಡಿಮೆ, ಆದರೆ ಜೋರಾದ ಪೆಟ್ಟು ಬಿದ್ದರೆ ಬಿರಿಯುತ್ತದೆ. ಕುರ್ಚಿಯ ಅಡಿಭಾಗದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಅಚ್ಚೊತ್ತಿದ್ದರೆ ನೋಡಿಕೊಳ್ಳಿ. 5 ಎಂದಿದ್ದರೆ ಅದು ನಮ್ಮ ಹಳೆಯ ಬಣ್ಣದ ಕುರ್ಚಿಗಳ ಪಾಲಿಪ್ರೊಪಿಲೀನ್. ಪಾಲಿಕಾರ್ಬೋನೇಟ್ 7ನೆಯ ಗುಂಪಿನಲ್ಲಿ, 'ಇತರ' ಎಂಬ ವರ್ಗದಲ್ಲಿ ಬರುತ್ತದೆ. ಯಾವ ಪ್ಲಾಸ್ಟಿಕ್ ಎಂದು ಹೇಳದೆ "ಅನ್‌ಬ್ರೇಕಬಲ್" ಎಂಬ ಚೀಟಿಯೊಂದನ್ನು ಅಂಟಿಸಿ ಮಾರುವ ವ್ಯಾಪಾರಿ, ಒದ್ದೆಯಾದ ಧಾನ್ಯವನ್ನು ರಾಶಿಯ ಅಡಿಯಲ್ಲಿ ಅಡಗಿಸಿಟ್ಟವನಿಗೆ ಪ್ರವಾದಿವರ್ಯರು(ಸ) ನೀಡಿದ ಎಚ್ಚರಿಕೆಯನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಈಗ ಈ ಮೆದು ಮೈಯ ಕುರಿತು. ಹತ್ತು ವರ್ಷದ ಹುಡುಗ ಹಾರಿ ಕೂತರೂ ಏನೂ ಆಗದ ಕುರ್ಚಿಗೆ ಒಂದು ಮರಳಿನ ಕಣ ಸಾಕು. ಒರಟು ಕಾಲೊರಸು, ಜೇಬಿನ ಬೀಗದ ಕೈ, ಬುರ್ಖಾದ ಲೋಹದ ಗುಂಡಿ, ಕೈಬಳೆ ಇವೆಲ್ಲ ಗೀರು ಎಳೆಯುವಂಥವೇ. ಹೆಚ್ಚಿನ ಹಾನಿಯಾಗುವುದು ಶುಚಿಗೊಳಿಸುವ ಹೊತ್ತಿಗೆ. ಈ ಪ್ಲಾಸ್ಟಿಕ್ ಒಣ ಬಟ್ಟೆಯಿಂದ ಉಜ್ಜಿದಷ್ಟೂ ವಿದ್ಯುತ್ ಅಂಶ ಹುಟ್ಟಿ ಧೂಳನ್ನು ಇನ್ನಷ್ಟು ಎಳೆದುಕೊಳ್ಳುತ್ತದೆ, ಮತ್ತೆ ಉಜ್ಜಿದಾಗ ಆ ಧೂಳೇ ಮೈಯನ್ನು ಕೆರೆಯುತ್ತದೆ. ಮನೆಯನ್ನು ಅತ್ಯಂತ ಶುಚಿಯಾಗಿಡಬೇಕೆಂಬ ಗೃಹಿಣಿಯ ಕುರ್ಚಿಯೇ ಬೇಗ ಮಂಕಾಗುವುದುಂಟು!

ಆದುದರಿಂದ ಮೊದಲು ನೀರು ಹೊಯ್ದು ಧೂಳು, ಮರಳನ್ನು ಇಳಿಸಿಬಿಡಿ. ಬಳಿಕ ಉಗುರುಬೆಚ್ಚಗಿನ ನೀರಿಗೆ ಸೌಮ್ಯವಾದ ಸಾಬೂನನ್ನು ಸ್ವಲ್ಪ ಬೆರೆಸಿ, ಹಳೆಯ ಬನಿಯನಿನಂತಹ ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ, ಮತ್ತೆ ನೀರಿನಿಂದ ತೊಳೆದು ಮೆತ್ತಗೆ ಒತ್ತಿ ಒಣಗಿಸಿ. ಪಾತ್ರೆ ತಿಕ್ಕುವ ಪುಡಿ, ಬೂದಿ, ಸ್ಟೀಲಿನ ನಾರು ಹತ್ತಿರ ಸುಳಿಯದಿರಲಿ. ಕಿಟಕಿ ಗಾಜಿಗೆ ಬಳಸುವ ಅಮೋನಿಯ ಬೆರೆತ ದ್ರವ, ತಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರವ ಇವು ಗೀರಿಗಿಂತ ಕೆಟ್ಟದ್ದನ್ನು ಮಾಡುತ್ತವೆ. ಕಾಲು ಮತ್ತು ಆಸನ ಕೂಡುವಲ್ಲಿ, ಅಂದರೆ ಭಾರ ಹೆಚ್ಚು ಬೀಳುವಲ್ಲಿ, ಕೂದಲೆಳೆಯಂತಹ ಸಣ್ಣ ಬಿರುಕುಗಳು ಮೂಡುತ್ತವೆ. ದಿನವಿಡೀ ಬಿಸಿಲು ಬೀಳುವ ಜಗಲಿಯಲ್ಲಿ ಇಟ್ಟ ಪಾಲಿಕಾರ್ಬೋನೇಟ್ ಕ್ರಮೇಣ ಹಳದಿಯಾಗಿ ಬಲ ಕಳೆದುಕೊಳ್ಳುತ್ತದೆ. ಒಂದರ ಮೇಲೊಂದು ಪೇರಿಸುವುದಾದರೆ ನಡುವೆ ಹಳೆಯ ಬೆಡ್‌ಶೀಟಿನ ತುಂಡು ಇರಲಿ. ಕಾಲುಗಳಿಗೆ ರಬ್ಬರಿನ ಬುಡ ಹಾಕಿ. ಎಳೆಯದೆ ಎತ್ತಿಡಿ. ಇಷ್ಟೇ ಆರೈಕೆ. ಸಣ್ಣ ಗೀರುಗಳನ್ನು ಪ್ಲಾಸ್ಟಿಕ್‌ಗೆಂದೇ ಇರುವ ಪಾಲಿಶ್ ಸ್ವಲ್ಪ ಮಟ್ಟಿಗೆ ಮರೆಸುತ್ತದೆ. ಉಗುರಿಗೆ ತಗಲುವಷ್ಟು ಆಳವಾದ ಗೀರು ಹೋಗುವುದಿಲ್ಲ.

ಇಷ್ಟು ಮಾಡಿದರೂ ಗೀರು ಬೀಳುತ್ತದೆ. ಜನ ಕೂರುವ ಮನೆಯಲ್ಲಿ ಅದು ಬಿದ್ದೇ ತೀರುತ್ತದೆ. ಹಾಗಾದರೆ ಹೊಣೆ ಯಾರದು?

ನಮ್ಮ ಧರ್ಮಶಾಸ್ತ್ರಜ್ಞರು ಎರವಲು ವಸ್ತುವಿನ ಬಗ್ಗೆ ಚರ್ಚಿಸುವಾಗ ಹೇಳಿರುವ ಒಂದು ಮಾತು ಇಲ್ಲಿ ಬಹಳ ಉಪಯುಕ್ತ. ಎರವಲು ತಂದ ವಸ್ತು ಕಳೆದುಹೋದರೆ ಅಥವಾ ನಾಶವಾದರೆ ಪರಿಹಾರ ಕೊಡಬೇಕೇ ಎಂಬುದರಲ್ಲಿ ಶಾಫಿಈ ಮತ್ತು ಹನಫೀ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಆದರೆ ಯಾವ ಉಪಯೋಗಕ್ಕೆ ಅನುಮತಿ ಸಿಕ್ಕಿದೆಯೋ ಆ ಉಪಯೋಗದಿಂದಲೇ ಆದ ಸವೆತಕ್ಕೆ ಪರಿಹಾರವಿಲ್ಲ ಎಂಬುದೇ ಎರಡೂ ಕಡೆಯ ಪ್ರಬಲ ಅಭಿಪ್ರಾಯ. ಉಡಲು ಕೊಟ್ಟ ಬಟ್ಟೆ ಉಟ್ಟು ಸವೆದರೆ ಉಟ್ಟವನು ಅಪರಾಧಿಯಲ್ಲ. ಅದೇ ಬಟ್ಟೆಯಿಂದ ನೆಲ ಒರೆಸಿದರೆ ಅವನು ಹೊಣೆಗಾರ. ಪರರ ವಸ್ತುವಿನಲ್ಲೇ ಇಷ್ಟು ಉದಾರವಾದ ನಿಯಮವಿರುವಾಗ, ಸ್ವಂತ ಮನೆಯವರ ಮೇಲೆ ನಾವು ಇದಕ್ಕಿಂತ ಕಠಿಣವಾದ ಕಾನೂನನ್ನು ಹೇರುತ್ತೇವೆಂಬುದು ಆಶ್ಚರ್ಯಕರವಲ್ಲವೇ? ಕುರ್ಚಿಯನ್ನು ತಂದದ್ದು ಕೂರಲು. ಕೂತದ್ದರಿಂದ ಬಿದ್ದ ಗೀರು ಯಾರ ತಪ್ಪೂ ಅಲ್ಲ. ಬಿಸಿಲಿನಲ್ಲಿ ಬಿಟ್ಟು ಹಾಳುಮಾಡುವುದು, ಒಲೆಯಿಂದ ಇಳಿಸಿದ ಕಾವಲಿಯನ್ನು ಅದರ ಮೇಲಿಡುವುದು, ಹಿಂದಿನ ಎರಡು ಕಾಲುಗಳ ಮೇಲೆ ಜೋಲಿ ಹೊಡೆಯುವುದು, ಇವು ನಿರ್ಲಕ್ಷ್ಯ. ಇದರಲ್ಲಿ ದುಂದುಗಾರಿಕೆಯ ಪಾಲಿದೆ. ಇದಕ್ಕೆ ಬುದ್ಧಿ ಹೇಳಬೇಕು. ಮನೆಯ ಯಜಮಾನನೇ ಜೋಲಿ ಹೊಡೆಯುತ್ತಿದ್ದರೆ ಅವನಿಗೂ ಹೇಳಬೇಕು. "ನನ್ನ ದುಡ್ಡಿನ ಕುರ್ಚಿ" ಎಂಬುದು ಉತ್ತರವಲ್ಲ, ಏಕೆಂದರೆ ದುಡ್ಡೂ ಅಮಾನತ್ತೇ.

ಇನ್ನೊಂದು ನಿಯಮವನ್ನೂ ನೆನಪಿಸಿಕೊಳ್ಳಿ. ವಸ್ತುವಿನ ನ್ಯೂನತೆ ತಿಳಿದೂ ಒಪ್ಪಿ ಕೊಂಡವನಿಗೆ ಅದೇ ನ್ಯೂನತೆಯ ಕಾರಣಕ್ಕೆ ಅದನ್ನು ಮರಳಿಸುವ ಹಕ್ಕಿಲ್ಲ. ಒಳಗಿನದ್ದೆಲ್ಲ ಕಾಣುವ, ಪ್ರತಿ ಬೆರಳಚ್ಚನ್ನೂ ತೋರಿಸುವ ಕುರ್ಚಿಯನ್ನು ಅಂಗಡಿಯಲ್ಲಿ ಕಣ್ಣಾರೆ ನೋಡಿ ಆರಿಸಿದವರು ನಾವು. ಬಣ್ಣದ ಕುರ್ಚಿಯಲ್ಲಿ ಹತ್ತು ವರ್ಷ ಕಾಣದೆ ಉಳಿಯುತ್ತಿದ್ದ ಗೀರು ಇದರಲ್ಲಿ ಹತ್ತು ದಿನಕ್ಕೆ ಕಾಣುತ್ತದೆ. ಆ ಆಯ್ಕೆಯ ಭಾರವನ್ನು ಆರು ವರ್ಷದ ಮಗುವಿನ ಮೇಲೋ ಸೊಸೆಯ ಮೇಲೋ ಹೊರಿಸುವುದು ಎಂಥ ನ್ಯಾಯ?

ಸೊಸೆಯ ಮಾತು ಬಂತು. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಕುರ್ಚಿಯನ್ನು ಒರೆಸುವವಳು ಅವಳು, ಆದುದರಿಂದ ಗೀರು ಕಂಡಾಗ ಮೊದಲ ನೋಟ ಅವಳ ಕಡೆಗೇ ಹರಿಯುತ್ತದೆ. ಅದೂ ತವರಿನವರು ಕೊಟ್ಟ ಕುರ್ಚಿಯಾಗಿದ್ದರೆ ಮಾತಿನ ದಾರಿಯೇ ಬೇರೆ. ಎಷ್ಟೋ ಮನೆಗಳಲ್ಲಿ ಆ ಕುರ್ಚಿಗಳ ಮೇಲೆ ಸದಾ ಬಟ್ಟೆ ಮುಚ್ಚಿರುತ್ತದೆ. ಅತಿಥಿ ಬಂದಾಗ ಮಾತ್ರ ತೆಗೆಯುತ್ತಾರೆ. ಪಾರದರ್ಶಕವೆಂದು ಹೆಚ್ಚು ಬೆಲೆ ಕೊಟ್ಟು ತಂದು, ಅದನ್ನು ಮುಚ್ಚಿಟ್ಟು, ಅದರ ಪಕ್ಕದಲ್ಲಿ ಮಕ್ಕಳು ನೆಲದ ಮೇಲೆ ಕೂತಿರುತ್ತಾರೆ. ನೆಲದ ಮೇಲೆ ಕೂರುವುದು ಸುನ್ನತ್, ಅದರಲ್ಲಿ ಅವಮಾನವಿಲ್ಲ. ಆದರೆ ಕುರ್ಚಿಗೆ ಹೆದರಿ ನೆಲದ ಮೇಲೆ ಕೂರುವುದು ಬೇರೆ ಸಂಗತಿ.

ಹ. ಅನಸ್(ರ) ಚಿಕ್ಕ ಹುಡುಗನಾಗಿದ್ದಾಗಿನಿಂದ ಹತ್ತು ವರ್ಷ ಪ್ರವಾದಿವರ್ಯರ(ಸ) ಮನೆಯಲ್ಲಿ ಸೇವೆ ಮಾಡಿದರು. ಆ ಅವಧಿಯಲ್ಲಿ ಒಮ್ಮೆಯೂ ತನಗೆ ಛೀ ಎಂದದ್ದಾಗಲಿ, ಹೀಗೇಕೆ ಮಾಡಿದೆ ಎಂದು ಕೇಳಿದ್ದಾಗಲಿ ಇಲ್ಲವೆಂದು ಅವರೇ ಹೇಳಿದ್ದಾರೆ. ಹುಡುಗರು ಕೆಲಸ ಮಾಡುವ ಮನೆಯಲ್ಲಿ ಹತ್ತು ವರ್ಷಗಳಲ್ಲಿ ಏನೂ ಬಿದ್ದಿಲ್ಲ, ಏನೂ ಒಡೆದಿಲ್ಲ ಎನ್ನಲು ಸಾಧ್ಯವೇ? ಅವರೇ ವರದಿ ಮಾಡಿದ ಇನ್ನೊಂದು ಘಟನೆ ಬುಖಾರಿಯಲ್ಲಿದೆ. ಪ್ರವಾದಿಪತ್ನಿಯರಲ್ಲಿ ಒಬ್ಬರ ಮನೆಯಲ್ಲಿ ಪ್ರವಾದಿಯವರು(ಸ) ಇದ್ದಾಗ ಇನ್ನೊಬ್ಬ ಪತ್ನಿ ಸೇವಕನ ಕೈಯಲ್ಲಿ ಒಂದು ಬಟ್ಟಲು ಊಟ ಕಳುಹಿಸಿದರು. ಮನೆಯೊಡತಿ ಅಸೂಯೆಯಿಂದ ಸೇವಕನ ಕೈಗೆ ಹೊಡೆದಾಗ ಬಟ್ಟಲು ಬಿದ್ದು ಒಡೆಯಿತು. ಪ್ರವಾದಿಯವರು(ಸ) ಚೂರುಗಳನ್ನು ತಾವೇ ಕೂಡಿಸಿದರು, ಚೆಲ್ಲಿದ ಆಹಾರವನ್ನೂ ಬಳಿದರು, ನಿಮ್ಮ ತಾಯಿಗೆ ಅಸೂಯೆಯಾಗಿದೆ ಎಂದಷ್ಟೇ ಅಲ್ಲಿದ್ದವರಿಗೆ ಹೇಳಿದರು. ಆಮೇಲೆ ಸೇವಕನನ್ನು ನಿಲ್ಲಿಸಿಕೊಂಡು, ಆ ಮನೆಯಿಂದಲೇ ಒಂದು ಇಡಿಯಾದ ಬಟ್ಟಲನ್ನು ತರಿಸಿ ಬಟ್ಟಲು ಕಳೆದುಕೊಂಡವರಿಗೆ ಕಳುಹಿಸಿದರು. ಒಡೆದ ಬಟ್ಟಲು ಅದು ಒಡೆದ ಮನೆಯಲ್ಲೇ ಉಳಿಯಿತು.

ಇಲ್ಲಿ ತಪ್ಪು ನಿಜವಾಗಿಯೂ ತಪ್ಪೇ ಆಗಿತ್ತು, ಸವೆತವಲ್ಲ. ಅದಕ್ಕೆ ಪರಿಹಾರವೂ ತಪ್ಪಲಿಲ್ಲ. ಬಟ್ಟಲಿಗೆ ಬಟ್ಟಲು ಹೋಯಿತು. ಆದರೆ ಅತಿಥಿಗಳ ಮುಂದೆ ಪತ್ನಿಯ ಮಾನ ಹೋಗಲಿಲ್ಲ. ನಮ್ಮಲ್ಲಿ ಎಷ್ಟೋ ಸಲ ಇದು ತಿರುವುಮುರುವು. ಮಾನ ಹೋಗುತ್ತದೆ, ಬಟ್ಟಲಿನ ಲೆಕ್ಕ ಮಾತ್ರ ಎಂದೂ ಮುಗಿಯುವುದಿಲ್ಲ.

ಮನೆಯ ಹೊರಗಿನ ಒಂದು ಮಾತು. ನೆರೆಮನೆಯಲ್ಲಿ ನಿಕಾಹ್ ಇದ್ದರೆ, ಮರಣವಾದರೆ ಮೊದಲು ಬೇಕಾಗುವುದು ಕುರ್ಚಿಗಳು. ಹಳೆಯ ಕುರ್ಚಿಗಳಿದ್ದಾಗ ಹುಡುಗರು ಬಂದು ಕೇಳದೆಯೇ ಎತ್ತಿಕೊಂಡು ಹೋಗುತ್ತಿದ್ದರು. ಈಗ ಕೇಳಿದರೂ ನಾವು ತಡವರಿಸುತ್ತೇವೆ: "ಅದು ಗೀರು ಬೀಳುತ್ತದೆ, ಬೇರೆ ಏನಾದರೂ ನೋಡೋಣ." ಪವಿತ್ರ ಕುರ್‌ಆನಿನ 107ನೇ ಅಧ್ಯಾಯಕ್ಕೆ ಅಲ್‌ಮಾಊನ್ ಎಂದು ಹೆಸರು. ಸಣ್ಣಪುಟ್ಟ ಬಳಕೆಯ ವಸ್ತುಗಳನ್ನು ಕೊಡದೆ ತಡೆಯುವವರ ಬಗ್ಗೆ ಅದರ ಕೊನೆಯ ವಾಕ್ಯದಲ್ಲಿ ಕಠಿಣವಾದ ಎಚ್ಚರಿಕೆಯಿದೆ. ಪ್ರವಾದಿವರ್ಯರ(ಸ) ಕಾಲದಲ್ಲಿ ಬಾವಿಯ ಕೊಡ, ಅಡಿಗೆಯ ಪಾತ್ರೆಗಳನ್ನು ಎರವಲು ಕೊಡುವುದನ್ನೇ ಮಾಊನ್ ಎಂದು ಎಣಿಸುತ್ತಿದ್ದೆವೆಂದು ಹ. ಇಬ್ನು ಮಸ್‌ಊದ್(ರ) ಹೇಳಿದ್ದಾರೆ. ನೆರೆಯವನಿಗೆ ಕೊಡಲಾಗದಷ್ಟು ನಾಜೂಕಾದ ವಸ್ತುವನ್ನು ಮನೆಗೆ ತರುವ ಮುನ್ನ ಇದನ್ನು ಒಮ್ಮೆ ಯೋಚಿಸಬೇಕು. ತಂದಾಗಿದ್ದರೆ ಕೊಡಿ. ನಾಲ್ಕು ಗೀರಿನೊಂದಿಗೆ ವಾಪಸು ಬಂದರೂ ಕೂರಲು ಅದೇನೂ ಕಡಿಮೆಯಾಗಿರುವುದಿಲ್ಲ.

ಗೀರಿಗೆ ಇಷ್ಟು ರಿಯಾಯಿತಿ ಇದೆಯೆಂದು ಬಿರುಕಿಗೂ ಅದೇ ರಿಯಾಯಿತಿ ಕೊಡುವಂತಿಲ್ಲ. ಗೀರು ಕಣ್ಣಿಗೆ, ಬಿರುಕು ಪ್ರಾಣಕ್ಕೆ. ಕಾಲು ಸೇರುವಲ್ಲಿ ಕೂದಲೆಳೆಗಳಂತೆ ಗೆರೆಗಳು ಕಂಡರೆ ಅದರ ಮೇಲೆ ವಯಸ್ಸಾದವರನ್ನು, ಗರ್ಭಿಣಿಯರನ್ನು ಕೂರಿಸಬೇಡಿ. ಕುಸಿದು ಬಿದ್ದರೆ ಸೊಂಟ ಮುರಿಯಬಹುದು, ಒಡೆದ ಅಂಚು ಚೂರಿಯಂತೆ ಕೊಯ್ಯಬಹುದು. ಭಾರ ಹೊರುವ ಕಾಲನ್ನು ಅಂಟು ಹಚ್ಚಿ ನಂಬಬೇಡಿ. ಈ ವಿಷಯದಲ್ಲಿ ನಾವು ಮಾಡುವುದು ನೇರ ವಿರುದ್ಧ: ಗೀರು ಕಂಡರೆ ಗದ್ದಲ, ಬಿರುಕು ಕಂಡರೆ "ಇನ್ನೂ ಸ್ವಲ್ಪ ದಿನ ನಡೆಯುತ್ತದೆ" ಎಂದು ಗೋಡೆಗೆ ಒತ್ತಿ ಇಟ್ಟುಬಿಡುತ್ತೇವೆ.

ಕೆಲವರು ಅಂಥ ಕುರ್ಚಿಯನ್ನು ಮಸೀದಿಗೋ ಮದ್ರಸಕ್ಕೋ ಕೆಲಸದವಳಿಗೋ ಕೊಟ್ಟು ಸದಕದ ಲೆಕ್ಕಕ್ಕೆ ಹಾಕಿಕೊಳ್ಳುತ್ತಾರೆ. ಮಸೀದಿಯಲ್ಲಿ ಕುರ್ಚಿಯ ಮೇಲೆ ನಮಾಝ್ ಮಾಡುವವರು ಮಂಡಿ ನೋವಿನ ವೃದ್ಧರೆಂಬುದು ನಿಮಗೆ ಗೊತ್ತಿದೆ. ತಾವೇ ಕಣ್ಣು ಮುಚ್ಚಿಕೊಳ್ಳದೆ ಸ್ವೀಕರಿಸಲಾರದಂಥದ್ದನ್ನು ದಾನಕ್ಕೆ ಆರಿಸಬಾರದೆಂದು ಅಲ್‌ಬಕರ ಅಧ್ಯಾಯದ 267ನೇ ಸೂಕ್ತ ಹೇಳುತ್ತದೆ. ಗೀರು ಬಿದ್ದ, ಗಟ್ಟಿಯಾದ ಕುರ್ಚಿಯನ್ನು ಧಾರಾಳವಾಗಿ ಕೊಡಿ. ಬಿರುಕು ಬಿಟ್ಟದ್ದನ್ನು ಯಾರಿಗೂ ಕೊಡದೆ ಗುಜರಿಗೆ ಹಾಕಿ. ಗುಜರಿಯವನಿಗೆ ಹಾಕುವಾಗಲೂ ಬಿರುಕಿನ ಜಾಗವನ್ನು ಬೆರಳಿಟ್ಟು ತೋರಿಸಿ. ಬಿಸಿಲಿನಲ್ಲಿ ಗಾಡಿ ತಳ್ಳಿ ದಣಿದವನು ಮೊದಲು ಅದರ ಮೇಲೆಯೇ ಕೂರಲು ನೋಡುತ್ತಾನೆ.